ಐದು ಜನರ ಸನ್ನೆ

ಜನವರಿ 11

ಅಕ್ಕಾ,

ಕಾಗದ ನೋಡಿ ಗಾಬರಿಯಾಗಬೇಡ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ಮಾತಾಡಿದರೆ ನಿನಗೆ ಕೇಳಿಸುವುದಿಲ್ಲ. ಮೆಸೇಜು ಮಾಡೋಣವೆಂದರೆ, ಅದನ್ನು ತೆರೆಯುವ ಸಣ್ಣ ಗುಂಡಿಗಳಿಗೂ ನಿನ್ನ ಬೆರಳು ಒಗ್ಗುವುದಿಲ್ಲ ಎನ್ನುತ್ತೀಯ. ಕೊನೆಗೆ ಈ ಕುಳ್ಳನೇ ಪೆನ್ನು ಹುಡುಕಿಕೊಂಡು ಕೂರಬೇಕಾಯಿತು.

ವಿಷಯ ನನ್ನ ಕುತ್ತಿಗೆಯದು. ಬಂದರಿನ ಕ್ರೇನಿನಲ್ಲಿ ನಾನು ಕೂರುವ ಕ್ಯಾಬಿನ್ನಿಗೆ ಗಾಜಿನ ನೆಲ ಎಂದು ನಿನಗೆ ಹೇಳಿದ್ದೆನಲ್ಲ. ಎರಡು ಕಾಲಿನ ನಡುವಿನಿಂದ ಕೆಳಗೆ ನೋಡುತ್ತ, ಹಡಗಿನಿಂದ ಕಂಟೇನರ್ ಎತ್ತಿ ಲಾರಿಯ ಮೇಲೆ ಇಳಿಸಬೇಕು. ಪಾಳಿ ಮುಗಿಯುವ ತನಕ ತಲೆ ತಗ್ಗಿಸಿಯೇ ಇರಬೇಕು. ಎಲ್ಲರಿಗಿಂತ ಎತ್ತರದಲ್ಲಿ ಕೂತು ತಲೆ ತಗ್ಗಿಸಿರುವವನು ನೀನೊಬ್ಬನೇ ಕಣೋ ಎಂದು ನೀನು ನಗುತ್ತಿದ್ದೆ. ಈಗ ಆ ತಲೆ ಎತ್ತಲು ಬರುತ್ತಿಲ್ಲ. ಕುತ್ತಿಗೆಯಿಂದ ಹೊರಟ ನೋವು ಎಡ ಭುಜಕ್ಕೆ ಇಳಿದು ಅಲ್ಲೇ ಠಿಕಾಣಿ ಹೂಡಿದೆ. ಇದೇನು ಇವತ್ತಿನದಲ್ಲ, ವರ್ಷಗಳದು.

ನಮ್ಮ ಬೀದಿಯ ಚಿಕಿತ್ಸಾಲಯದ ಹಳೆಯ ಡಾಕ್ಟರು ನಿವೃತ್ತರಾದರು. ಮಾತ್ರೆ ಬರೆದು, ಬೆನ್ನು ತಟ್ಟಿ ಕಳಿಸುತ್ತಿದ್ದವರು. ಈಗ ಬಂದಿರುವ ಹೊಸ ಡಾಕ್ಟರಮ್ಮ ನನ್ನ ಮಾತು ಕೇಳಿ, "ಇಂಥ ಹಳೇ ನೋವನ್ನ ನಾವೆಲ್ಲ ಸೇರಿ ನೋಡ್ತೀವಿ" ಎಂದರು. "ನಾವೆಲ್ಲ ಅಂದ್ರೆ ಯಾರು?" ಎಂದೆ. ಡಾಕ್ಟರಮ್ಮ, ನರ್ಸಮ್ಮ, ವ್ಯಾಯಾಮ ಮಾಡಿಸುವವನು, ಔಷಧಿ ಕೊಡುವವರು, ಇವರ ಜೊತೆಗೆ ಮನಸ್ಸಿನ ವಿಚಾರ ಕೇಳುವ ಒಬ್ಬ ಹೆಂಗಸು. ಒಂದು ಕುತ್ತಿಗೆಗೆ ಐದು ಜನ! ಒಬ್ಬೊಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಕೂರಿಸಿಕೊಂಡು, ಎಲ್ಲಿ ನೋವು, ಯಾವಾಗಿಂದ ನೋವು, ನಿದ್ದೆ ಬರುತ್ತಾ ಎಂದು ಕೇಳಿದ್ದನ್ನೇ ಕೇಳುತ್ತಾರೆ. ಮೊದಲನೆಯವರ ಮೇಲೆ ಎರಡನೆಯವರಿಗೆ ನಂಬಿಕೆ ಇಲ್ಲವೋ ಏನೋ.

ನಮ್ಮ ಕೆಲಸದಲ್ಲಿ ಮೊದಲ ದಿನವೇ ತಲೆಗೆ ತುಂಬುವ ಒಂದು ಮಾತಿದೆ. ಕೆಳಗೆ ಎಷ್ಟು ಜನ ಕೈ ಬೀಸಿದರೂ ಒಬ್ಬನ ಸನ್ನೆಗೆ ಮಾತ್ರ ಭಾರ ಅಲ್ಲಾಡಿಸಬೇಕು. ಇಬ್ಬರ ಮಾತು ಕೇಳಿದರೆ ಕಂಟೇನರ್ ಯಾರದಾದರೂ ತಲೆಯ ಮೇಲೆ. "ನಿಲ್ಲಿಸು" ಎನ್ನುವ ಒಂದು ಸನ್ನೆಗೆ ಮಾತ್ರ ಈ ಕಟ್ಟುಪಾಡಿಲ್ಲ. ಅದನ್ನು ಯಾರು ಮಾಡಿದರೂ, ದಾರಿಯಲ್ಲಿ ಹೋಗುವವನು ಮಾಡಿದರೂ, ಯಾಕೆ ಎಂದು ಕೇಳದೆ ನಿಲ್ಲಿಸಬೇಕು. ಇಲ್ಲಿ ನೋಡಿದರೆ ಐದು ಜನ ಕೈ ಬೀಸುತ್ತಿದ್ದಾರೆ, ನಾನು ಯಾರನ್ನು ನೋಡಲಿ?

ನಿಜ ಹೇಳು ಅಕ್ಕಾ, ಐದು ಜನ ಸೇರಬೇಕಾದರೆ ನನಗೇನು ದೊಡ್ಡ ಕಾಯಿಲೆಯೇ? ಇಲ್ಲ, ನಾನು ನಾಟಕ ಮಾಡುತ್ತಿದ್ದೇನೆ ಅಂದುಕೊಂಡಿದ್ದಾರೋ? ಇವಳನ್ನು ಕೇಳಿದರೆ, "ಅಷ್ಟು ಜನ ವಿಚಾರಿಸ್ತಿದ್ದಾರಲ್ಲ, ಖುಷಿಪಡಿ" ಎನ್ನುತ್ತಾಳೆ. ನಿನ್ನ ತಮ್ಮನ ಹೆಂಡತಿಗೆ ಎಲ್ಲವೂ ಸುಲಭ.

ನಿನ್ನ ಕುಳ್ಳ


ಜನವರಿ 19

ಕುಳ್ಳಾ,

ನಿನ್ನ ಕಾಗದ ಎರಡು ಸಲ ಓದಿದೆ. ಅದು ಚಿಕಿತ್ಸೆಯಲ್ಲ ಕಣೋ, ವಿಚಾರಣೆ. ಗಮನವಿಟ್ಟು ಕೇಳು.

ಮಗ್ಗದ ಸದ್ದಿಗೆ ನನ್ನ ಕಿವಿ ಹೋದಾಗ ಮಿಲ್ಲಿನವರು ಏನು ಮಾಡಿದರು ಗೊತ್ತಲ್ಲ? ನಿನಗೆ ಅರ್ಧ ಮಾತ್ರ ಹೇಳಿದ್ದೆ. ಮಿಲ್ಲಿನ ಡಾಕ್ಟರು, ಅಧಿಕಾರಿಗಳು ಎಂದು ನಾಲ್ಕು ಜನ, ನಾಲ್ಕು ಕೋಣೆ. ಎಲ್ಲರದೂ ಜೇನಿನಂಥ ಮಾತು, ತುಟಿ ನೋಡಿಯೇ ತಿಳಿಯುತ್ತಿತ್ತು. "ಕೂತ್ಕೊಳ್ಳಮ್ಮ, ನೀರು ಕುಡೀತೀಯಾ, ಯಾವಾಗಿಂದ ಕೇಳಿಸ್ತಿಲ್ಲ?" ನಾನು ಒಬ್ಬರಿಗೆ ಹೋದ ವರ್ಷದಿಂದ ಎಂದೆ, ಇನ್ನೊಬ್ಬರಿಗೆ ಬಹಳ ದಿನದಿಂದ ಎಂದೆ. ಕೊನೆಯ ಕೋಣೆಯಲ್ಲಿ ನಾನು ಬರೆಯುತ್ತ ಕೂತಿದ್ದಾಗ ಯಾರೋ ನನ್ನ ಬೆನ್ನ ಹಿಂದೆ ಒಂದು ತಟ್ಟೆ ಬೀಳಿಸಿದರು. ಹಲಗೆಯ ನೆಲ, ನಡುಕ ಕಾಲಿಗೆ ತಾಗಿತು, ತಿರುಗಿ ನೋಡಿದೆ. ಅಷ್ಟೇ ಸಾಕಾಯಿತು ಅವರಿಗೆ. ಕಿವಿ ಕೇಳಿಸುತ್ತದೆ, ಸುಳ್ಳು ಹೇಳುತ್ತಿದ್ದಾಳೆ ಎಂದು ಬರೆದರು. ನಾಲ್ಕು ಜನರ ಬರಹವನ್ನೂ ಪಕ್ಕಪಕ್ಕದಲ್ಲಿಟ್ಟು, ಎಲ್ಲಿ ಹೊಂದುವುದಿಲ್ಲವೋ ಅಲ್ಲಿ ಗೆರೆ ಎಳೆದು ನನಗೇ ತೋರಿಸಿದರು. ಮಗ್ಗದಿಂದ ತೆಗೆದು ಟೈಂ ಆಫೀಸಿನಲ್ಲಿ ಹಾಜರಿಗೆ ಮೊಹರು ಒತ್ತುವುದಕ್ಕೆ ಕೂರಿಸಿದರು. ಇಂದಿಗೂ ಒತ್ತುತ್ತಿದ್ದೇನೆ.

ಅದಕ್ಕೇ ಹೇಳುತ್ತೇನೆ. ಒಂದು ವಾಕ್ಯ ಇಟ್ಟುಕೋ. "ಕುತ್ತಿಗೆ ಸ್ವಲ್ಪ ಹಿಡಿಯುತ್ತೆ, ಕೆಲಸಕ್ಕೇನೂ ತೊಂದರೆ ಇಲ್ಲ." ಐವರಿಗೂ ಇದನ್ನೇ ಹೇಳು. ಅಕ್ಷರ ಆಚೀಚೆ ಆಗಬಾರದು. ಬೆನ್ನ ಹಿಂದೆ ಏನಾದರೂ ಬಿದ್ದರೆ ಹುಷಾರು. ಇವರು ಬರೆದದ್ದು ನಿನ್ನ ಬಂದರಿನವರ ಕೈಗೆ ಹೋಗುವುದಿಲ್ಲ ಎಂದು ಯಾರು ಗ್ಯಾರಂಟಿ ಕೊಟ್ಟಿದ್ದಾರೆ? ನಿನ್ನನ್ನು ಕ್ಯಾಬಿನ್ನಿನಿಂದ ಇಳಿಸಿದರೆ ನೀನು ಬದುಕುವವನಲ್ಲ. ನನಗೆ ಗೊತ್ತು.

ಅಕ್ಷರ ವಕ್ರವಾಗಿದ್ದರೆ ಬೈಯಬೇಡ, ಹೊಸ ಪೆನ್ನು ಸರಿಯಿಲ್ಲ.

ಅಕ್ಕ


ಫೆಬ್ರವರಿ 6

ಅಕ್ಕಾ,

ನೀನು ಹೇಳಿದ ಹಾಗೇ ಮಾಡಿದೆ. ಐದು ಕೋಣೆಯಲ್ಲೂ ಗಿಣಿಪಾಠ ಒಪ್ಪಿಸಿ ಬಂದೆ.

ಡಾಕ್ಟರಮ್ಮ ಬರೆದುಕೊಂಡು ಹುಬ್ಬು ಏರಿಸಿದರು. ವ್ಯಾಯಾಮ ಮಾಡಿಸುವ ಹುಡುಗ ತಲೆ ಎಡಕ್ಕೆ ತಿರುಗಿಸಿ ಎಂದ. ತಿರುಗಿಸಿದೆ, ಮುಖದ ಮೇಲೆ ನಗುವನ್ನೂ ಇಟ್ಟುಕೊಂಡೆ. ಕಣ್ಣಿನ ಮುಂದೆ ಕತ್ತಲೆ ಬಂತು. ಅಷ್ಟರಲ್ಲಿ ಅವನ ಪೆನ್ನು ಕೆಳಗೆ ಬಿತ್ತು. ನಿನ್ನ ತಟ್ಟೆ ನೆನಪಾಯಿತು! ಬಗ್ಗಿ ಎತ್ತಿಕೊಡಲೋ, ಬಿಡಲೋ? ಎತ್ತಿದರೆ ನೋವೇ ಇಲ್ಲ ಎಂದು ಬರೆಯುತ್ತಾನೆ. ಎತ್ತದಿದ್ದರೆ ಕೆಲಸಕ್ಕೆ ಬಾರದವನು ಎಂದು ಬರೆಯುತ್ತಾನೆ. ಕೊನೆಗೆ ಕಾಲಿನಿಂದ ಅವನ ಕಡೆ ತಳ್ಳಿದೆ. ಅವನು ನನ್ನನ್ನೇ ವಿಚಿತ್ರವಾಗಿ ನೋಡಿದ.

ಮನಸ್ಸಿನ ವಿಚಾರ ಕೇಳುವ ಹೆಂಗಸು ಇನ್ನೂ ವಿಚಿತ್ರ. ಕುತ್ತಿಗೆಯ ಸುದ್ದಿಯನ್ನೇ ಎತ್ತಲಿಲ್ಲ. "ನೋವು ಬಂದ ಮೇಲೆ ಯಾವ್ಯಾವುದನ್ನ ಬಿಟ್ಟಿದ್ದೀರಿ?" ಎಂದರು. ನಾನು ವಾಕ್ಯ ಹೇಳಿದೆ. "ಮನೇಲಿ ನಗು ಇದೆಯಾ?" ಎಂದರು. ಮತ್ತೆ ವಾಕ್ಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟು, "ಇದನ್ನ ಹೇಳಿ ಹೇಳಿ ನಿಮಗೆ ಸುಸ್ತಾಗಿರಬೇಕು ಅಲ್ವಾ?" ಎಂದರು. ಹೌದು ಎನ್ನುವುದರಲ್ಲಿದ್ದೆ. ಇದೂ ಒಂದು ಉಪಾಯವಿರಬೇಕು ಎಂದುಕೊಂಡು ಎದ್ದು ಬಂದೆ.

ಬಂದರಿನ ವಾರ್ಷಿಕ ತಪಾಸಣೆ ಹತ್ತಿರ ಬರುತ್ತಿದೆ. ನೀನು ಚಿಂತೆ ಮಾಡಬೇಡ, ಕೆಲಸ ನಡೆಯುತ್ತಿದೆ. ಪಕ್ಕದ ಕ್ರೇನಿನವನು ಒಂದು ಬಿಳಿ ಮಾತ್ರೆ ಕೊಡುತ್ತಾನೆ. ಅದನ್ನು ನುಂಗಿ ಹತ್ತಿದರೆ ಕುತ್ತಿಗೆ ನನ್ನದೇ ಅಲ್ಲ ಎನ್ನುವ ಹಾಗಿರುತ್ತದೆ.

ನಿನ್ನ ಕುಳ್ಳ


ಫೆಬ್ರವರಿ 15

ಕುಳ್ಳಾ,

ಜಾಣ. ಪೆನ್ನು ತಳ್ಳಿದ್ದು ಒಳ್ಳೆಯದಾಯಿತು. ಆ ಹೆಂಗಸಿನ ಹತ್ತಿರ ಜೋಪಾನ.

ಆ ಬಿಳಿ ಮಾತ್ರೆಯ ಹೆಸರೇನು? ನಮ್ಮ ಮಹಡಿಯಲ್ಲಿ ಒಬ್ಬಾಕೆಗೆ ಬೆರಳಿನ ಗೆಣ್ಣುಗಳ ನೋವು, ಬಹಳ ಒದ್ದಾಡುತ್ತಾಳೆ. ಡಾಕ್ಟರ ಹತ್ತಿರ ಹೋಗು ಎಂದರೆ ಕೇಳುವುದಿಲ್ಲ. ಸಾಧ್ಯವಾದರೆ ಒಂದಷ್ಟು ಕಳಿಸು.

ಅಕ್ಕ


ಫೆಬ್ರವರಿ 23

ಅಕ್ಕಾ,

ನನ್ನ ಮೇಲೆ ಸಿಟ್ಟೇ? ಮೊದಲೆಲ್ಲ ಹಾಳೆಯ ಅಂಚಿನಲ್ಲೂ ಬಿಡದೆ ಬರೆಯುತ್ತಿದ್ದವಳು, ಈ ಸಲ ತಂತಿ ಕಳಿಸಿದ ಹಾಗೆ ಬರೆದಿದ್ದೀಯ. ನಿನ್ನ ಅಕ್ಷರ ನೋಡಿ ಮೇಷ್ಟರು ನನಗೆ ಎಷ್ಟು ಸಲ ಕಿವಿ ಹಿಂಡಿದ್ದರು, "ಅಕ್ಕನ ಕೈ ನೋಡಿ ಕಲಿ" ಎಂದು! ಈಗ ಅದು ನನ್ನ ಅಕ್ಷರಕ್ಕಿಂತ ಕೆಟ್ಟದಾಗಿದೆ. ಅವಸರದಲ್ಲಿ, ಮನಸ್ಸಿಲ್ಲದೆ ಬರೆದಿದ್ದೀಯ ಅನ್ನಿಸಿ ಬೇಜಾರಾಯಿತು. ಹೋಗಲಿ.

ಮಾತ್ರೆಯ ಹೆಸರು ನನಗೂ ಗೊತ್ತಿಲ್ಲ. ಅವನು ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಾನೆ. ನಿಮ್ಮ ಮಹಡಿಯಾಕೆಗೆ ಎಂದು ಇದರ ಜೊತೆ ಒಂದು ಪೊಟ್ಟಣ ಇಟ್ಟಿದ್ದೇನೆ.

ಈಗ ಕೇಳು. ನರ್ಸಮ್ಮ ಹೇಳಿಕಳಿಸಿದ್ದಾರೆ. ಮಾರ್ಚ್ ನಾಲ್ಕರ ಮಧ್ಯಾಹ್ನ ಐದೂ ಜನ ಒಂದೇ ಮೇಜಿನ ಸುತ್ತ ಕೂರುತ್ತಾರಂತೆ, ನಾನೂ ಕೂರಬೇಕಂತೆ. "ಯಾಕೆ?" ಎಂದು ಕೇಳಿದೆ. "ನಿಮ್ಮ ವಿಷಯವನ್ನ ನೀವಿಲ್ಲದೆ ಹೇಗೆ ಮಾತಾಡೋದು?" ಎಂದರು. ನೀನು ಹೇಳಿದ್ದೇ ನಿಜವಾಯಿತು. ಐವರ ಬರಹವನ್ನೂ ಪಕ್ಕಪಕ್ಕದಲ್ಲಿಟ್ಟು ಗೆರೆ ಎಳೆಯುತ್ತಾರೆ. ನನ್ನ ವಾಕ್ಯವೇನೋ ಎಲ್ಲ ಕಡೆ ಒಂದೇ ಇದೆ. ಆದರೂ ಅದನ್ನು ಮತ್ತೆ ಮತ್ತೆ ಬಾಯಿಪಾಠ ಮಾಡುತ್ತಿದ್ದೇನೆ.

ಅಂದು ಬೆಳಿಗ್ಗೆ ನನಗೆ ಪಾಳಿ ಇದೆ. ಕೆಲಸ ಮುಗಿಸಿಕೊಂಡೇ ಹೋಗುತ್ತೇನೆ, ಆಗ ಇವನಿಗೆ ಏನೂ ಆಗಿಲ್ಲ ಎಂದು ಅವರಿಗೂ ಅನ್ನಿಸುತ್ತದೆ. ಈಚೆಗೆ ಒಂದು ಮಾತ್ರೆ ಸಾಲುತ್ತಿಲ್ಲ, ಅದು ಬೇರೆ ಮಾತು.

ನಿನ್ನ ಕುಳ್ಳ


ಮಾರ್ಚ್ 4

ಕುಳ್ಳಾ,

ಈಗಷ್ಟೇ ನಿನಗೆ ಫೋನು ಮಾಡಿದೆ. ನೀನು ಎತ್ತಿದೆಯೋ, ಬೇರೆ ಯಾರಾದರೂ ಎತ್ತಿದರೋ, ಯಾರೂ ಎತ್ತಲೇ ಇಲ್ಲವೋ ನನಗೆ ಗೊತ್ತಿಲ್ಲ. "ನಿಲ್ಲಿಸು, ನಿಲ್ಲಿಸು" ಎಂದು ಕೂಗುತ್ತಲೇ ಇದ್ದೆ. ಕೆಳಗಿನ ಸೈಕಲ್ ಅಂಗಡಿಯವಳು ಓಡಿ ಬಂದಳು, ನನಗೆ ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು.

ಮಹಡಿಯಲ್ಲಿ ಯಾವ ಹೆಂಗಸೂ ಇಲ್ಲ ಕಣೋ. ಗೆಣ್ಣು ನೋವು ನನ್ನದೇ. ಪೆನ್ನಿನದೇನೂ ತಪ್ಪಿಲ್ಲ. ಮೊಹರು ಒತ್ತುವಾಗ ಪ್ರತಿ ಸಲವೂ ಹಲ್ಲು ಕಚ್ಚುತ್ತೇನೆ. ನಿನಗೆ ಹೇಳಿದರೆ ನೀನು ಡಾಕ್ಟರ ಹತ್ತಿರ ಹೋಗು ಎನ್ನುತ್ತೀಯ, ಡಾಕ್ಟರು ನಾಟಕ ಎನ್ನುತ್ತಾರೆ, ಇನ್ನೊಂದು ಸಲ ಆ ಮಾತು ಕೇಳುವ ಶಕ್ತಿ ನನಗಿಲ್ಲ ಎಂದು ಸುಮ್ಮನಿದ್ದೆ.

ನೀನು ಕಳಿಸಿದ ಮಾತ್ರೆಯನ್ನು ನಿನ್ನೆ ಸಂಜೆ ನುಂಗಿದೆ. ಒಂದೇ ಒಂದು. ಹಾಲು ಒಲೆಯ ಮೇಲಿಟ್ಟು ಕುರ್ಚಿಯಲ್ಲಿ ಕೂತೆ, ಅಷ್ಟೇ ನೆನಪು. ಕಣ್ಣು ಬಿಟ್ಟಾಗ ಸೈಕಲ್ ಅಂಗಡಿಯವಳು ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು. ಮನೆಯೆಲ್ಲ ಹೊಗೆ. ಬಾಗಿಲು ಬಡಿದದ್ದು ನನಗೆ ಹೇಗೂ ಕೇಳದು, ಚಿಲಕ ಮುರಿದು ಬಂದಿದ್ದಾಳೆ. ಪಾತ್ರೆ ಕರಕಲಾಗಿದೆ. ಪರದೆಗೆ ಬೆಂಕಿ ತಾಗುವುದೊಂದು ಬಾಕಿ ಇತ್ತು.

ಎದ್ದು ಕೂತರೂ ತಲೆ ನೆಟ್ಟಗಾಗಲಿಲ್ಲ. ಬೆಳಿಗ್ಗೆ ಕೈಕಾಲು ಸ್ವಾಧೀನಕ್ಕೆ ಬಂದ ಮೇಲೆ ಒಂದೇ ಯೋಚನೆ. ನಾನು ಕುರ್ಚಿಯಲ್ಲಿದ್ದೆ, ಕುಳ್ಳ ಆಕಾಶದಲ್ಲಿದ್ದಾನೆ. ಅವನ ಕೆಳಗೆ ಜನ ಓಡಾಡುತ್ತಾರೆ.

ಅವರು ವಿಚಾರಣೆ ಮಾಡಲಿ, ಗೆರೆ ಎಳೆಯಲಿ, ನಿನ್ನನ್ನು ಇಳಿಸಿಯೇ ಬಿಡಲಿ. ಎಲ್ಲ ಹೇಳಿಬಿಡು. ನಾನು ಕೊಟ್ಟ ವಾಕ್ಯ ಮರೆತುಬಿಡು.

ಅಕ್ಕ


ಮಾರ್ಚ್ 4, ಸಂಜೆ

ಅಕ್ಕಾ,

ಬೆಳಿಗ್ಗೆ ಯಾಕೆ ಹಾಗೆ ಕೂಗಿದೆ? ನಾನು ಲಾಕರಿನ ಮುಂದೆ ನಿಂತಿದ್ದೆ. ಫೋನು ಒಳಗಿಟ್ಟು ಬೀಗ ಹಾಕುವುದರಲ್ಲಿದ್ದೆ, ಮಾತ್ರೆ ಅಂಗೈಯಲ್ಲಿತ್ತು. ನಿನ್ನ ಹೆಸರು ನೋಡಿ ಗಾಬರಿಯಿಂದ ಎತ್ತಿದೆ, ಯಾಕೆಂದರೆ ನೀನು ಫೋನು ಮಾಡುವವಳೇ ಅಲ್ಲ. "ಏನಾಯ್ತು, ಏನ್ ನಿಲ್ಲಿಸ್ಲಿ?" ಎಂದು ನಾನೂ ಕೂಗಿದೆ. ನಿನಗೆ ಕೇಳಿಸುವುದಾದರೂ ಹೇಗೆ? ನಿಲ್ಲಿಸು, ನಿಲ್ಲಿಸು, ಅಷ್ಟೇ. ಆಮೇಲೆ ಫೋನು ಸತ್ತುಹೋಯಿತು.

ಏನು ನಿಲ್ಲಿಸಬೇಕೋ ನನಗೆ ಗೊತ್ತಾಗಲಿಲ್ಲ. ಬಟ್ಟೆ ಬದಲಿಸುವುದನ್ನೋ, ಚಿಕಿತ್ಸಾಲಯಕ್ಕೆ ಹೋಗುವುದನ್ನೋ? ಆದರೆ ಇಷ್ಟು ವರ್ಷದ ಅಭ್ಯಾಸ ನೋಡು, ಆ ಮಾತು ಕಿವಿಗೆ ಬಿದ್ದ ಮೇಲೆ ಕೈ ತಾನಾಗಿಯೇ ನಿಂತಿತು. ಮಾತ್ರೆ ಬಾಯಿಗೆ ಹೋಗಲಿಲ್ಲ. ಸೂಪರ್‌ವೈಸರ್ ಹತ್ತಿರ ಹೋಗಿ, "ಇವತ್ತು ನಾನು ಹತ್ತಲ್ಲ" ಎಂದೆ. "ಯಾಕೆ?" ಎಂದ. "ನಿಲ್ಲಿಸು ಅಂದಿದ್ದಾರೆ" ಎಂದೆ. "ಯಾರು?" ಎಂದ. "ನಮ್ಮಕ್ಕ" ಎಂದೆ. ಸುತ್ತ ಇದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ಮಧ್ಯಾಹ್ನದ ತನಕ ಬಂದರಿನ ಬೆಂಚಿನ ಮೇಲೆ ಕೂತಿದ್ದೆ. ಮಾತ್ರೆ ಇಲ್ಲದ ಕುತ್ತಿಗೆ ಏನೆಂದು ಬಹಳ ದಿನದ ಮೇಲೆ ಗೊತ್ತಾಯಿತು. ಕಣ್ಣಲ್ಲಿ ನೀರು ಬಂತು. ಅದೇ ಕುತ್ತಿಗೆ ಹೊತ್ತುಕೊಂಡು ಆ ಮೇಜಿಗೆ ಹೋದೆ. ವಾಕ್ಯ ಶುರು ಮಾಡಿದೆ. "ಕುತ್ತಿಗೆ ಸ್ವಲ್ಪ" ಎಂದೆ, ಮುಂದೆ ಬರಲಿಲ್ಲ. ಯಾರೂ ಬರೆದುಕೊಳ್ಳಲಿಲ್ಲ.

ಎಲ್ಲ ಹೇಳಿಬಿಟ್ಟೆ ಅಕ್ಕಾ. ಮಾತ್ರೆಯದ್ದು, ಎಡಗೈ ಬೆರಳು ಜೋಮು ಹಿಡಿಯುವುದು, ಹೋದ ತಿಂಗಳು ತೂಕಡಿಸಿ ಒಂದು ಕಂಟೇನರನ್ನು ಲಾರಿಯ ಅಂಚಿಗೆ ಇಳಿಸಿದ್ದು, ಚಾಲಕ ಹಾರಿಕೊಂಡು ಬಚಾವಾದದ್ದು. ನಿನಗೂ ಇದನ್ನು ಬರೆದಿರಲಿಲ್ಲ. ಔಷಧಿ ಕೊಡುವವರು ಪೊಟ್ಟಣ ಇಸಿದುಕೊಂಡು ನೋಡಿ ಮುಖ ಸಪ್ಪಗೆ ಮಾಡಿದರು. ಒಂದು ಮಾತೂ ಬೈಯಲಿಲ್ಲ. "ಇದನ್ನ ಬೇರೆ ಯಾರಿಗಾದ್ರೂ ಕೊಟ್ಟಿದ್ದೀರಾ?" ಎಂದು ಮಾತ್ರ ಕೇಳಿದರು. ನಿಮ್ಮ ಮಹಡಿಯಾಕೆಯ ವಿಷಯ ಹೇಳಿದೆ. "ಮುಟ್ಟಬೇಡಿ ಅಂತ ಇವತ್ತೇ ತಿಳಿಸಿ" ಎಂದರು. ಅದಕ್ಕೇ ಈ ಕಾಗದವನ್ನು ತುರ್ತು ಅಂಚೆಗೆ ಹಾಕುತ್ತಿದ್ದೇನೆ. ನಿನ್ನ ಮನೆಯ ಕೆಳಗಿನ ಸೈಕಲ್ ಅಂಗಡಿಯ ನಂಬರು ಇವಳು ಹುಡುಕುತ್ತಿದ್ದಾಳೆ.

ಕೊನೆಗೆ ನಾನೂ ಒಂದು ಪ್ರಶ್ನೆ ಕೇಳಿದೆ. "ಅವತ್ತು ಪೆನ್ನು ಬೇಕಂತಲೇ ಬೀಳಿಸಿದ್ರಾ?" ವ್ಯಾಯಾಮದ ಹುಡುಗನಿಗೆ ಏನೂ ಅರ್ಥವಾಗಲಿಲ್ಲ. ನಿನ್ನ ತಟ್ಟೆಯ ಕಥೆ ಹೇಳಿದೆ. ಡಾಕ್ಟರಮ್ಮ, "ಅವನ ಕೈಯಲ್ಲಿ ಪೆನ್ನು ನಿಂತದ್ದನ್ನ ನಾವ್ಯಾರೂ ನೋಡೇ ಇಲ್ಲ" ಎಂದರು. ಎಲ್ಲರೂ ನಕ್ಕರು. ಆಮೇಲೆ ಮನಸ್ಸಿನ ವಿಚಾರ ಕೇಳುವವರು, "ನಿಮ್ಮಕ್ಕನ ಹತ್ರ ಆಮೇಲೆ ಯಾರಾದ್ರೂ ಕ್ಷಮೆ ಕೇಳಿದ್ರಾ?" ಎಂದರು. ಅಕ್ಕನನ್ನೇ ಕೇಳಿ ಹೇಳುತ್ತೇನೆ ಎಂದೆ. ಕೇಳಿದ್ದರಾ ಅಕ್ಕಾ?

ನಿನ್ನ ಕುಳ್ಳ


ಮಾರ್ಚ್ 29

ಅಕ್ಕಾ,

ಅವತ್ತಿನ ನಮ್ಮ ಎರಡು ಕಾಗದವೂ ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನಿನ್ನದನ್ನು ಓದಿದ ಮೇಲೆ ಇಷ್ಟು ದಿನ ಬರೆಯಲು ಮುಖವಿರಲಿಲ್ಲ. ನಿನ್ನ ಮನೆಗೆ ಹೊಗೆ ಕಳಿಸಿದವನು ನಾನೇ. ನಿನ್ನ ವಕ್ರ ಅಕ್ಷರ ನೋಡಿ ಸಿಟ್ಟು ಎಂದುಕೊಂಡ ದಡ್ಡನೂ ನಾನೇ. ಬೆರಳು ಒಗ್ಗುವುದಿಲ್ಲ ಎಂದಾಗಲೇ ತಿಳಿಯಬೇಕಿತ್ತು.

ನನ್ನ ಸುದ್ದಿ ಹೇಳುತ್ತೇನೆ, ಆದರೆ ಒಳ್ಳೆಯದೋ ಕೆಟ್ಟದೋ ಕೇಳಬೇಡ. ಮೇಜಿನ ಹತ್ತಿರ ಅವರು, "ನಿಮಗೇನು ಬೇಕು?" ಎಂದು ಕೇಳಿದ್ದರು. ನೋವು ಹೋಗಬೇಕು ಎನ್ನುವ ಬದಲು, "ಮೇಲೆ ಹತ್ತಬೇಕು" ಎಂದುಬಿಟ್ಟಿದ್ದೆ. ಅದನ್ನೇ ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದ್ದಾರೆ. ನೋವು ಪೂರ್ತಿ ಹೋಗುವುದು ಕಷ್ಟ ಎಂದು ಡಾಕ್ಟರಮ್ಮ ಮುಖಕ್ಕೇ ಹೇಳಿದರು. ನನ್ನನ್ನು ಕೇಳಿ, ನಾನು ಹೂಂ ಎಂದ ಮೇಲೆ ಬಂದರಿಗೆ ಬರೆದರು. ಸದ್ಯಕ್ಕೆ ಕ್ಯಾಬಿನ್ ಬೇಡ, ಕೆಳಗಿನ ಕೆಲಸ ಕೊಡಿ, ಆಮೇಲೆ ಮತ್ತೆ ನೋಡೋಣ ಎಂದು. ಆಮೇಲೆ ಎಂದರೆ ಯಾವಾಗ? ಅದು ಅವರಿಗೂ ಗೊತ್ತಿಲ್ಲವಂತೆ. ಈಗ ಹಗ್ಗದ ಗೋದಾಮಿನಲ್ಲಿದ್ದೇನೆ. ನನ್ನ ಕ್ರೇನಿನಲ್ಲಿ ಇನ್ಯಾರೋ ಕೂತಿದ್ದಾನೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಯಾರ ಸನ್ನೆ ನೋಡಲಿ ಎಂದು ಅವರನ್ನೇ ಕೇಳಿದೆ. ನರ್ಸಮ್ಮ ಕೈ ಎತ್ತಿದರು. "ಐದು ಜನ ಐದು ಕಡೆಯಿಂದ ನೋಡ್ತೀವಿ. ನಿಮಗೆ ಹೇಳೋಳು ನಾನೊಬ್ಳೇ." ಅಂದಿನಿಂದ ಅವರಿಗೇ ಫೋನು, ಅವರದೇ ಉತ್ತರ. ಆ ಬಿಳಿ ಮಾತ್ರೆಯನ್ನು ಸ್ವಲ್ಪಸ್ವಲ್ಪವಾಗಿ ಕಡಿಮೆ ಮಾಡಿಸುತ್ತಿದ್ದಾರೆ. ವ್ಯಾಯಾಮದ ಹುಡುಗ ಕುತ್ತಿಗೆಗೆ ಏನೇನೋ ಮಾಡಿಸುತ್ತಾನೆ, ಪೆನ್ನು ಬೀಳಿಸುತ್ತಾನೆ, ಈಗ ನಾನೇ ಎತ್ತಿಕೊಡುತ್ತೇನೆ. ನೋವು ಕಡಿಮೆಯಾಗಿದೆಯೋ ಇಲ್ಲವೋ ತಿಳಿಯುತ್ತಿಲ್ಲ. ಮೊನ್ನೆ ಇವಳು, "ಮತ್ತೆ ಶಿಳ್ಳೆ ಹಾಕ್ತಿದ್ದೀರಿ" ಎಂದಳು. ನನಗೆ ಗೊತ್ತೇ ಇರಲಿಲ್ಲ.

ಈಗ ನನ್ನ ಸರದಿ. ಅಕ್ಕಾ, ನಿಲ್ಲಿಸು. ಹಲ್ಲು ಕಚ್ಚುವುದನ್ನು ನಿಲ್ಲಿಸು. ಯಾಕೆ ಎಂದು ಕೇಳುವ ಹಾಗಿಲ್ಲ, ರೂಲು ನಿನಗೂ ಗೊತ್ತು. ಡಾಕ್ಟರ ಹತ್ತಿರ ಹೋಗು.

ನಿನ್ನ ಕುಳ್ಳ


ಏಪ್ರಿಲ್ 14

ಕುಳ್ಳಾ,

ನಿಧಾನವಾಗಿ ಬರೆಯುತ್ತಿದ್ದೇನೆ. ಒಂದು ಸಾಲು, ಸ್ವಲ್ಪ ಬಿಡುವು, ಇನ್ನೊಂದು ಸಾಲು. ಇದನ್ನು ಸಿಟ್ಟು ಎಂದುಕೊಳ್ಳಬೇಡ.

ನಿಲ್ಲಿಸಿದೆ. ಡಾಕ್ಟರ ಹತ್ತಿರ ಹೋದೆ. ಇಲ್ಲಿ ಇರುವುದು ಒಬ್ಬರೇ. ನಾನು ಬಯಸಿದ ಹಾಗೇ ಒಂದು ಕೋಣೆ, ಒಬ್ಬ ಮನುಷ್ಯ, ಪಕ್ಕಪಕ್ಕದಲ್ಲಿಟ್ಟು ನೋಡಲು ಇನ್ನೊಬ್ಬರ ಬರಹವಿಲ್ಲ. ಅವರು ತಲೆ ಎತ್ತದೆ ಮಾತಾಡಿದರು. ತುಟಿ ಕಾಣಲಿಲ್ಲ. "ನಂಗೆ ಕಿವಿ ಕೇಳಲ್ಲ, ಇನ್ನೊಂದ್ಸಲ ಹೇಳಿ" ಎಂದೆ. ಇನ್ನೊಂದು ಸಲವೂ ಚೀಟಿಯನ್ನೇ ನೋಡಿಕೊಂಡು ಹೇಳಿದರು. ಕೈ ಮುಂದೆ ಚಾಚಿದೆ, ಮುಟ್ಟಲಿಲ್ಲ. ಚೀಟಿ ಕೈಗೆ ಬಂತು, ಹಿಂದಿನವರು ಒಳಗೆ ಬಂದರು. ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ ಕಣೋ. ನನಗೆ ಏನಾಗಿದೆ ಎಂದು ಅವರು ಹೇಳಿದರೋ ಇಲ್ಲವೋ, ಅದೇ ನನಗೆ ಗೊತ್ತಿಲ್ಲ.

ನೀನು ಕೇಳಿದ್ದಕ್ಕೆ ಉತ್ತರ: ಇಲ್ಲ, ಯಾರೂ ಕ್ಷಮೆ ಕೇಳಲಿಲ್ಲ. ಆ ಹೆಂಗಸು ಅದನ್ನು ಕೇಳಿದರು ಎಂದು ಓದಿದ ದಿನದಿಂದ ನನಗೆ ಅವರ ಮುಖ ಹೇಗಿರಬಹುದು ಎನ್ನುವ ಯೋಚನೆ.

ಇನ್ನೂ ನನಗೆ ನಂಬಿಕೆ ಪೂರ್ತಿ ಬಂದಿಲ್ಲ. ಐದು ಜನ ಎಂದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. ಆದರೂ ನಿನ್ನ ನರ್ಸಮ್ಮನನ್ನು ಒಂದು ಮಾತು ಕೇಳು. ಬೇರೆ ಊರಿನವಳು, ಕಿವಿ ಕೇಳದವಳು, ಪೆನ್ನು ಬಿದ್ದರೆ ಬೆಚ್ಚುವವಳು ಬಂದರೆ ಆ ಮೇಜಿಗೆ ಇನ್ನೊಂದು ಕುರ್ಚಿ ಹಾಕುತ್ತಾರಾ? ಮುಂದಿನ ವಾರದ ಶನಿವಾರದ ರೈಲಿಗೆ ಟಿಕೆಟ್ ತೆಗೆಸಿದ್ದೇನೆ. ಬೇಡ ಎಂದರೆ ನಿನ್ನನ್ನು ನೋಡಿಕೊಂಡು ವಾಪಸು ಬರುತ್ತೇನೆ.

ಹಾಕುತ್ತೇವೆ ಎಂದರೆ, ಮುಖ ನೋಡಿ ಮಾತಾಡಬೇಕು ಎಂದು ಐವರಿಗೂ ಮೊದಲೇ ಹೇಳಿಡು.

ಅಕ್ಕ